ಬೋರಿನ ತರ್ಕವೂ ಶೇಲಿನ ತೈಲವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತನು ಕೊಳವೆಬಾವಿಯ ವಿದ್ಯೆಯಲ್ಲಿ ಪಳಗಿದವನು. ಕಲ್ಲು ಕೊರೆಯುವಾಗ ಬಿರುಕು ಸಿಕ್ಕಿದರೆ ನೀರು, ಸಿಕ್ಕದಿದ್ದರೆ ಬರಿಯ ಧೂಳು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ತರ್ಕವನ್ನು ತೈಲಕ್ಕೂ ಅನ್ವಯಿಸಿ, ಇನ್ನಷ್ಟು ಆಳಕ್ಕೆ ಇಳಿದರೆ ನಮ್ಮ ಬೆಟ್ಟಗಳ ಅಡಿಯಲ್ಲಿಯೂ ಎಣ್ಣೆ ದೊರೆಯದಿರದು ಎಂದು ನಂಬುವುದು ಸಲ್ಲದು. ರಾಮನಗರದ ಹಳೆಯ ಹೆಸರನ್ನೇ ಹೊತ್ತ, ಮಾಗಡಿಯ ಸಾವನದುರ್ಗವನ್ನೂ ಒಳಗೊಂಡ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಶಿಲಾರಸವು ಘನೀಭವಿಸಿ ಆದುದು. ತೈಲವಾದರೋ ಪ್ರಾಚೀನ ಜಲರಾಶಿಗಳ ತಳದ ಕೆಸರಿನಲ್ಲಿ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷವು ಯುಗಗಟ್ಟಲೆ ಬೆಂದು ಹುಟ್ಟುವ ವಸ್ತು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಗಟ್ಟಿಬಂಡೆಯೊಳಗೆ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳಿರುವುದು ನಿಜ. ಅಲ್ಲಿಯದು ಹಡಗಿನಲ್ಲಿ ಬಂದ ಎಣ್ಣೆ, ಬಂಡೆ ಹೆತ್ತದ್ದಲ್ಲ.

ಎರಡನೆಯ ಭ್ರಮೆಯು ವಿದ್ಯಾವಂತರಲ್ಲಿಯೇ ಹೆಚ್ಚು: ಶೇಲ್ ಎಂಬ ಪದರಶಿಲೆಯನ್ನು ಒಮ್ಮೆ ಸೀಳಿದರೆ ಅದರೊಳಗಿನ ತೈಲವೆಲ್ಲ ಹರಿದುಬರುವುದೆಂದು ಅವರು ತಿಳಿಯುತ್ತಾರೆ. ಬತ್ತಿದ ಬೋರಿಗೆ ಒತ್ತಡದ ನೀರನ್ನು ನುಗ್ಗಿಸಿ ಬಿರುಕು ಬಿಡಿಸುವುದನ್ನು ಕಂಡವರಿಗೆ ಹಾಗೆ ತೋರುವುದು ಸಹಜವೇ. ಗ್ರಾನೈಟಿನಲ್ಲಿ ನೀರು ನಿಲ್ಲುವುದು ಬಿರುಕಿನಲ್ಲಿ. ಶೇಲಿನಲ್ಲಿ ತೈಲವು ಬಹುತೇಕ ಅಡಗಿರುವುದು ನ್ಯಾನೊಮೀಟರುಗಳಲ್ಲಿ ಅಳೆಯಬೇಕಾದ ರಂಧ್ರಗಳಲ್ಲಿ. ಆದಕಾರಣ ಅಮೆರಿಕದ ಬಾಕನ್, ಈಗಲ್ ಫೋರ್ಡ್ ಪ್ರಸ್ತರಗಳಲ್ಲಿ ಮೈಲಿಗಟ್ಟಲೆ ಅಡ್ಡಬಾವಿ ಕೊರೆದು, ನೀರನ್ನೂ ಮರಳನ್ನೂ ತಳ್ಳಿ ಶಿಲೆಯನ್ನು ಸೀಳಿದ ಮೇಲೆಯೂ ಕೈಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲಿಗಿಂತ ಕಡಮೆ.

ಉಳಿದುದನ್ನು ನೀರು ತುಂಬಿ ದೂಡಬಾರದೇಕೆ ಎಂದು ಕೇಳುವವರುಂಟು. ಮರಳುಗಲ್ಲಿನ ಹಳೆಯ ತೈಲಕ್ಷೇತ್ರಗಳಲ್ಲಿ ಫಲಿಸಿದ ಆ ಉಪಾಯವು ಇಲ್ಲಿ ಸೋಲುತ್ತದೆ. ನೀರು ಆ ಸೂಕ್ಷ್ಮರಂಧ್ರಗಳನ್ನು ಹೊಗಲಾರದೆ, ಬಿರುಕಿನ ಸುಲಭಮಾರ್ಗವನ್ನು ಹಿಡಿದು ಪಕ್ಕದ ಬಾವಿಗೆ ಸಾಗಿಬಿಡುತ್ತದೆ. ಅನಿಲದ ಗುಣವೇ ಬೇರೆ. ನೈಸರ್ಗಿಕ ಅನಿಲವನ್ನೋ ಇಂಗಾಲದ ಡೈ ಆಕ್ಸೈಡನ್ನೋ ಅದೇ ಬಾವಿಯೊಳಕ್ಕೆ ವಾರಗಟ್ಟಲೆ ಒತ್ತಿ, ಬಾಯಿ ಮುಚ್ಚಿ ಕೆಲಕಾಲ ನೆನೆಯಗೊಟ್ಟು, ಮತ್ತೆ ತೆರೆದರೆ, ಅನಿಲವು ತನ್ನಲ್ಲಿ ಕರಗಿದುದರಿಂದ ಉಬ್ಬಿ ತೆಳುವಾದ ತೈಲವು ಬಿರುಕಿಗೆ ಇಳಿದು ಅದೇ ಬಾವಿಯಿಂದ ಮೇಲೇರುತ್ತದೆ. ಈಗಲ್ ಫೋರ್ಡಿನಲ್ಲಿ ಇದು ವಾಣಿಜ್ಯಮಟ್ಟದಲ್ಲಿಯೇ ನಡೆದಿದೆ. ಪ್ರಯೋಗಶಾಲೆಯ ಕನಸೆಂದು ತಳ್ಳಿಹಾಕುವುದೂ ತಪ್ಪೇ. ಆದರೆ ಎಲ್ಲ ಬಾವಿಗೂ ಇದು ಒಗ್ಗದು: ಒತ್ತಿದ ಅನಿಲವು ನೆರೆಬಾವಿಗೆ ಸೋರಿಹೋದರೆ ಒತ್ತಡವೇ ಏರದು, ಅದನ್ನು ಒತ್ತುವ ಯಂತ್ರಗಳ ವೆಚ್ಚವೂ ಹುಟ್ಟದು.