ಟೂಟಾ ಅಬ್ಸಲ್ಯೂಟಾ: ಮುರ್ಮುಗಾಂವ್‌ನಿಂದ ನೋಡಿದ ದಕ್ಷಿಣ ಅಮೆರಿಕದ ಪತಂಗ

ಇವತ್ತಿನ ವಿಷಯ ಒಂದು ಬೂದು ಬಣ್ಣದ ಪತಂಗ. ರೆಕ್ಕೆ ಬಿಚ್ಚಿದರೂ ಸುಮಾರು 10 ಮಿಲಿಮೀಟರ್, ಅಷ್ಟೇ. ಪೆರು ದೇಶದ ಈ ಪತಂಗವನ್ನು ಎಡ್ವರ್ಡ್ ಮೇರಿಕ್ 1917ರಲ್ಲಿ ವರ್ಣಿಸಿ ಹೆಸರಿಟ್ಟರು. 2006ರಲ್ಲಿ ಸ್ಪೇನ್‌ನಲ್ಲಿ ಕಂಡಿತು, 2014ರಲ್ಲಿ ಮಹಾರಾಷ್ಟ್ರ, ಕರ್ನಾಟಕದಲ್ಲಿ. ಟೊಮೆಟೊ ಗಿಡದ ಮೂಲವೂ ದಕ್ಷಿಣ ಅಮೆರಿಕವೇ ನೋಡಿ. ಗಿಡ ಬಂದು ಶತಮಾನಗಳಾದ ಮೇಲೆ ಅದರ ಹುಳು ಬಂತು.

ನಾನು ಮಾತಾಡ್ತಿರೋದು ಮುರ್ಮುಗಾಂವ್‌ನಿಂದ. ಇಲ್ಲಿ ಎಲ್ಲರೂ ಮೊದಲು ಕೇಳೋದು, "ಸರ್, ಇದು ಹಡಗಲ್ಲಿ ಬಂತಾ?" ಅಂತ. ಬಂದರಿನ ಊರಲ್ಲಿ ಹಾಗನ್ನಿಸೋದು ಸಹಜ. ಆದರೆ ಈ ಬಂದರಿನ ಹೆಸರು ಅದಿರು, ಕಲ್ಲಿದ್ದಲಿಗೆ. ಗೋವಾದ ಮಾರುಕಟ್ಟೆಗೆ ಟೊಮೆಟೊ ಬರೋದು ಹೆಚ್ಚಾಗಿ ಬೆಳಗಾವಿ ಕಡೆಯಿಂದ, ಘಟ್ಟ ಇಳಿದು. ಬಂದರಿನ ಸಸ್ಯ ತಪಾಸಣೆ ಹೊರದೇಶದ ಸರಕನ್ನು ನೋಡುತ್ತದೆ. ಒಮ್ಮೆ ದೇಶದೊಳಗೆ ಸೇರಿದ ಹುಳು ಲಾರಿಯಲ್ಲಿ, ಕ್ರೇಟಿನಲ್ಲಿ ಓಡಾಡುತ್ತದೆ. ಹಣ್ಣಿನೊಳಗೆ ಮರಿಹುಳು ಇರಬಹುದು, ಮೂಲೆಗೆ ಅಂಟಿದ ಒಣ ಎಲೆಯಲ್ಲಿ ಕೋಶ ಇರಬಹುದು. ಆ ಕ್ರೇಟು ಖಾಲಿಯಾಗಿ ಮತ್ತೆ ಹೊಲಕ್ಕೇ ಹೋಗುತ್ತಲ್ಲ, ನನ್ನ ಪ್ರಕಾರ ಕಣ್ಣಿಡಬೇಕಾದ್ದು ಅಲ್ಲಿ.

ಇನ್ನು ಗುರುತಿನ ಮಾತು. ನಮ್ಮ ರೈತರಿಗೆ ರಂಗೋಲಿ ಹುಳು ಗೊತ್ತು. ಅದು ನೊಣದ ಮರಿ. ಎಲೆಯ ಮೇಲೆ ತೆಳ್ಳಗಿನ ಅಂಕುಡೊಂಕು ಗೆರೆ ಎಳೆಯುತ್ತದೆ, ಹಣ್ಣಿನ ತಂಟೆಗೆ ಹೋಗೋದಿಲ್ಲ. ಟೂಟಾದ ಮರಿ ಎಲೆಯ ಎರಡು ಪದರಗಳ ನಡುವಿನ ಹಸಿರನ್ನೆಲ್ಲ ಮೇಯ್ದು ಅಗಲವಾದ ಮಚ್ಚೆ ಮಾಡುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ಹಿಕ್ಕೆ ಕಾಣುತ್ತದೆ. ತೊಟ್ಟಿನ ಹತ್ತಿರ ಸೂಜಿಮೊನೆಯಷ್ಟು ತೂತು ಮಾಡಿ ಹಣ್ಣಿಗೂ ಇಳಿಯುತ್ತದೆ. ಅಂಥ ಹಣ್ಣನ್ನು ವ್ಯಾಪಾರಿ ಪಕ್ಕಕ್ಕೆ ಎಸೆದರೆ ನಷ್ಟ ಕೊನೆಗೆ ರೈತನ ಲೆಕ್ಕಕ್ಕೇ.

ಔಷಧಿ ಹೊಡೆದರೆ ಆಯ್ತಲ್ಲ ಅಂತೀರಿ. ಹುಳು ಎಲೆಯೊಳಗಿದೆ, ಮೇಲೆ ಬಿದ್ದ ಔಷಧಿ ಎಷ್ಟೋ ಸಲ ಅದಕ್ಕೆ ತಾಗೋದೇ ಇಲ್ಲ. ಒಂದು ಹೆಣ್ಣು 260ರವರೆಗೆ ಮೊಟ್ಟೆ ಇಡಬಲ್ಲದು. ಸೆಕೆಯಲ್ಲಿ ತಿಂಗಳೊಳಗೆ ಹೊಸ ಪೀಳಿಗೆ. ಒಂದೇ ಔಷಧಿ ಪದೇ ಪದೇ ಹೊಡೆದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದರ ಮೊಟ್ಟೆ ತಿನ್ನುವ ನೆಸಿಡಿಯೋಕೋರಿಸ್ ತಿಗಣೆ ಸಾಯುತ್ತದೆ. (ಆ ತಿಗಣೆಯೂ ಪೂರ್ತಿ ಸಾಧು ಅಲ್ಲ, ಬೇಟೆ ಸಿಗದಿದ್ದರೆ ಗಿಡದ ರಸವನ್ನೇ ಹೀರುತ್ತದೆ.) ಮೋಹಕ ಬಲೆಗೆ ಬೀಳೋದು ಗಂಡು ಪತಂಗ ಮಾತ್ರ. ನಾಲ್ಕಾರು ಬಲೆ ಕಟ್ಟಿದರೆ ಹುಳು ಬಂದಿದೆ ಅಂತ ಗೊತ್ತಾಗುತ್ತದೆ, ಕಡಿಮೆಯಾಗೋದಿಲ್ಲ.

ಚಾಟ್‌ನಲ್ಲಿ ಒಬ್ಬರು ಕ್ರೇಟಿಗೆ ಏನು ಮಾಡೋದು ಅಂತ ಕೇಳಿದ್ದಾರೆ. ಎಲೆ, ಕಸ ತೆಗೆದು, ಮೂಲೆಗಳನ್ನು ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ಆಮೇಲೆ ಗಾಡಿಗೆ ಹಾಕಿ. ತೂತು ಬಿದ್ದ ಹಣ್ಣನ್ನು ಬದುವಿನ ಮೇಲೆ ಸುರಿಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಇಲ್ಲಾ ಆಳಕ್ಕೆ ಹೂಳಿ.