ಹಳೆಯ ಕೀಲಿಮಣೆಯೂ ಹೊಸ ಯಂತ್ರವೂ

ಗುಮಾಸ್ತರ ಬೆರಳಿಗೆ ಒಗ್ಗಿದ ಹಳೆಯ ಕೀಲಿಮಣೆ ಹೊಸ ಕಂಪ್ಯೂಟರಿಗೆ ಒಗ್ಗದೆ ಹೋಗುವುದುಂಟು. 1987ರಲ್ಲಿ ಐಬಿಎಂ ಸಂಸ್ಥೆಯು ತಂದ ಪಿಎಸ್/2 ಎಂಬ ಆರು ಸೂಜಿಯ ದುಂಡು ಪ್ಲಗ್ಗು ಅದರದು. ಹೊಸ ಯಂತ್ರಗಳಲ್ಲಿ ಬಹುಮಟ್ಟಿಗೆ ಇರುವುದು ಯುಎಸ್‌ಬಿ ಕಂಡಿ ಮಾತ್ರ.

ಇದಕ್ಕಾಗಿ ಡ್ರೈವರ್ ತಂತ್ರಾಂಶವನ್ನು ಅರಸಿ ಅಲೆಯುವುದು ವ್ಯರ್ಥ. ಸಾಧಾರಣ ಕೀಲಿಮಣೆಗೆ ಬೇಕಾದ ಡ್ರೈವರು ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ಮೊದಲೇ ಅಡಕವಾಗಿದೆ. ತೊಡಕಿರುವುದು ನಡುವಣ ಕೊಂಡಿಯಲ್ಲಿ. ಅಗ್ಗದ ಪುಟ್ಟ ಅಡಾಪ್ಟರು ತಂತಿಗೆ ತಂತಿ ಸೇರಿಸುತ್ತದೆಯೇ ಹೊರತು ಭಾಷಾಂತರ ಮಾಡಲಾರದು. ಎರಡೂ ಭಾಷೆ ಬಲ್ಲ ಕೀಲಿಮಣೆಗೆ ಮಾತ್ರ ಅದು ಸಾಕು. ಉಳಿದವಕ್ಕೆ ಒಳಗೆ ಚಿಪ್ ಉಳ್ಳ ‘ಆಕ್ಟಿವ್ ಕನ್ವರ್ಟರ್’ ಬೇಕು. ಇದನ್ನರಿಯದೆ ಗಟ್ಟಿಮುಟ್ಟಾದ ಮಣೆಯನ್ನು ಗುಜರಿಗೆ ಹಾಕುವುದು ಅನ್ಯಾಯವೇ ಸರಿ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಾಗಲಿ, ಚೆನ್ನೈಯ ರಿಚಿ ಬೀದಿಗಾಗಲಿ, ದಿಲ್ಲಿಯ ನೆಹರೂ ಪ್ಲೇಸಿಗಾಗಲಿ ಹೋಗುವಾಗ ಕೀಲಿಮಣೆಯನ್ನೂ ಜೊತೆಗೆ ಒಯ್ಯುವುದು ಲೇಸು. ಹಣ ಕೊಡುವ ಮುನ್ನ ಅಲ್ಲಿಯೇ ಜೋಡಿಸಿ ‘ಕ್ಯಾಪ್ಸ್ ಲಾಕ್’ ಒತ್ತಬೇಕು. ದೀಪ ಹೊತ್ತಿದರೆ ಯಂತ್ರವು ಮಣೆಯ ಮಾತನ್ನು ಕೇಳಿತೆಂದೇ ಅರ್ಥ.

ಚಿತ್ರ ಬರೆಯುವ ಹಲಗೆಗಳ ಪಾಡು ಬೇರೆ. ತಯಾರಕರು ಡ್ರೈವರನ್ನು ಕೈಬಿಟ್ಟರೆ, ಹಲಗೆ ಸರಿಯಿದ್ದರೂ ಮೂಕವಾಗುತ್ತದೆ. ವಾಕಾಮ್ ಕಂಪೆನಿಯ ಹೊಸ ಡ್ರೈವರು ಗುರುತಿಸದ ಅದರ ಹಳೆಯ ಹಲಗೆಗಳಲ್ಲಿ ಹಲವನ್ನು ಲಿನಕ್ಸ್ ಈಗಲೂ ನಡೆಸುತ್ತಿದೆ.