ಜೀರ್ಣೋದ್ಧಾರಕ್ಕೆ ಮುನ್ನಿನ ಯಾನ

ಊರ ದೇವಾಲಯದ ಜೀರ್ಣೋದ್ಧಾರ ನಡೆಯಲಿದೆಯೆಂದು ತಿಳಿದಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಕೆಲಸ ಮುಗಿಯಲಿ, ಕುಂಭಾಭಿಷೇಕವಾದ ಮೇಲೆ ಹೋದರಾಯಿತು’ ಎನ್ನುವವರು ಕೆಲವರು. ‘ದೇವರನ್ನು ಬಾಲಾಲಯಕ್ಕೆ ಒಯ್ಯುವ ಮುನ್ನ ಹಳೆಯ ಗುಡಿಯಲ್ಲೇ ಒಮ್ಮೆ ನೋಡಿಬರೋಣ’ ಎನ್ನುವವರು ಮತ್ತೆ ಕೆಲವರು. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಸೌತಾಂಪ್ಟನ್ ನಗರದಲ್ಲಿ, ಮಗಳ ಮನೆಯಲ್ಲಿದ್ದಾಗ, ಇದೇ ಪ್ರಶ್ನೆ ಹಡಗೊಂದರ ವಿಷಯದಲ್ಲಿ ನನಗೆ ಎದುರಾಯಿತು.

ಆ ಬಂದರಿನಿಂದ ನಾರ್ವೆಗೆ ಹೊರಡುವ ವಿಹಾರನೌಕೆಯಲ್ಲಿ ನಮ್ಮಿಬ್ಬರಿಗೂ ಸ್ಥಳವಿತ್ತು. ದರವೂ ತುಸು ಕಡಿಮೆ. ಆದರೆ ಆ ಯಾನ ಮುಗಿದೊಡನೆ ಹಡಗು ನವೀಕರಣಕ್ಕೆ ಹೋಗಲಿತ್ತು. ‘ಮಾವ, ಮುಂದಿನ ವರ್ಷ ಹೋಗಿ, ಎಲ್ಲ ಹೊಸದಾಗಿರುತ್ತದೆ’ ಎಂದರು ಅಳಿಯಂದಿರು. ನನ್ನ ಭಯವೇ ಬೇರೆ: ದುರಸ್ತಿಗೆ ಬಂದಿರುವ ಹಡಗನ್ನು ನಂಬಿ ಕಡಲಿಗೆ ಇಳಿಯಬಹುದೆ?

ವಿಚಾರಿಸಿ ನೋಡಿದಾಗ ನನ್ನ ಭಯಕ್ಕೆ ಅಜ್ಞಾನವೇ ಕಾರಣವೆಂದು ತಿಳಿಯಿತು. ಹಡಗಿನ ಕ್ಷೇಮ ಬೇರೆ, ಅದರ ಅಂದಚಂದ ಬೇರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಸಮುದ್ರದಲ್ಲಿ ಜೀವರಕ್ಷಣೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಇಂದಿನ ರೂಪದ ಪ್ರಕಾರ ಪ್ರಯಾಣಿಕರ ಹಡಗಿಗೆ ಕೊಡುವ ಕ್ಷೇಮಪತ್ರದ ಆಯುಸ್ಸು 12 ತಿಂಗಳನ್ನು ಮೀರುವಂತಿಲ್ಲ. ನವೀಕರಣ ಬರಲಿ ಬಾರದಿರಲಿ, ವರ್ಷ ವರ್ಷವೂ ಪರೀಕ್ಷೆ ತಪ್ಪದು.

ಹಾಗಾದರೆ ಹಡಗನ್ನು ಕಟ್ಟೆಗೆ ಒಯ್ಯುವುದೇಕೆ? ನೀರಿನೊಳಗಿರುವ ಮೈಯನ್ನು ಚೆನ್ನಾಗಿ ನೋಡಬೇಕಾದರೆ ನೀರನ್ನೇ ತೆಗೆಯಬೇಕು. ಡ್ರೈ ಡಾಕ್ ಎಂಬುದು ಬಾಗಿಲುಳ್ಳ ಒಂದು ದೊಡ್ಡ ಕೊಳ. ಹಡಗು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರನ್ನು ಹೊರಹಾಕುತ್ತಾರೆ. ಹಡಗು ದಿಮ್ಮಿಗಳ ಸಾಲಿನ ಮೇಲೆ ಕೂರುತ್ತದೆ. ಆಗ ತಳಕ್ಕೆ ಅಂಟಿದ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ಕೆರೆದು ಬಣ್ಣ ಬಳಿಯುತ್ತಾರೆ. ಪ್ರೊಪೆಲರು, ಚುಕ್ಕಾಣಿಗಳನ್ನು ಪರೀಕ್ಷಿಸುತ್ತಾರೆ. ಹೇಗೂ ಹಡಗು ಬಿಡುವಾಗಿದೆಯೆಂದು ಆ ದಿನಗಳಲ್ಲೇ ಕೋಣೆಗಳ ರತ್ನಗಂಬಳಿ, ಹಾಸಿಗೆ, ಪೀಠೋಪಕರಣಗಳನ್ನೂ ಬದಲಾಯಿಸುತ್ತಾರೆ. ಪ್ರಯಾಣಿಕರ ಕಣ್ಣಿಗೆ ಬೀಳುವುದು ಈ ಎರಡನೆಯ ಕೆಲಸ ಮಾತ್ರ.

ನವೀಕರಣದ ಆಚೆ ಈಚೆ ಏನಾಗಬಹುದೆಂಬುದಕ್ಕೆ ಸೌತಾಂಪ್ಟನ್ನಿನದೇ ಸುಪ್ರಸಿದ್ಧ ನೌಕೆ ‘ಕ್ವೀನ್ ಎಲಿಜಬೆತ್ 2’ ಒಳ್ಳೆಯ ಸಾಕ್ಷಿ. 1969ರಲ್ಲಿ ಯಾನ ಆರಂಭಿಸಿದ ಅದು ಉಗಿಯ ಬಲದಿಂದ ಓಡುತ್ತಿತ್ತು. 1986ರ ಕೊನೆಯಲ್ಲಿ ಅದನ್ನು ಜರ್ಮನಿಯ ಬ್ರೆಮರ್‌ಹಾವನ್ನಿಗೆ ಒಯ್ದು, ಉಗಿಯಂತ್ರಗಳನ್ನು ಕಿತ್ತು, ಒಂಬತ್ತು ಡೀಸೆಲ್ ಎಂಜಿನುಗಳನ್ನು ಕೂರಿಸಿದರು. 1987ರಲ್ಲಿ ಹಡಗು ಹೊಸ ಬಲದೊಡನೆ ಮರಳಿತು, ನಿಜ. ಆದರೆ ಅದರ ಉಗಿಯ ಕಾಲವನ್ನು ಕಡೆಯ ಬಾರಿಗೆ ಅನುಭವಿಸಿದವರು 1986ರಲ್ಲಿ ಕಾಯದೆ ಹೋದವರೇ.

ಕಾದವರ ಪಾಡು ಯಾವಾಗಲೂ ಮೇಲೆಂದೂ ಹೇಳಲಾಗದು. 1994ರಲ್ಲಿ ಅದೇ ನೌಕೆಯ ಒಳಾಂಗಣವನ್ನು ಹ್ಯಾಂಬರ್ಗಿನಲ್ಲಿ ನವೀಕರಿಸಲಾಯಿತು. ಕೆಲಸ ಮುಗಿಯುವ ಮೊದಲೇ ಡಿಸೆಂಬರಿನಲ್ಲಿ ಅದು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೊರಟಿತು. ಕೋಣೆಗಳು ಸಿದ್ಧವಾಗಿಲ್ಲವೆಂದು ಹಲವರು ದಡದಲ್ಲೇ ಉಳಿಯಬೇಕಾಯಿತು. ಹತ್ತಿದವರು ಕೆಲಸಗಾರರ ನಡುವೆ ದಿನ ಕಳೆದರು. ಕೊನೆಗೆ ಕಂಪನಿ ಪರಿಹಾರ ತೆರಬೇಕಾಯಿತು. ಬಣ್ಣ ಮಾಸಿದ ಹಡಗಿಗಿಂತ ಬಣ್ಣ ಆರದ ಹಡಗು ಹೆಚ್ಚು ತೊಂದರೆ ಕೊಡಬಹುದು.

ಆದ್ದರಿಂದ ಇಂಥ ಸಂದರ್ಭದಲ್ಲಿ ಹೊರಡುವವರು ಕೇಳಬೇಕಾದ ಪ್ರಶ್ನೆಗಳು ಮೂರು. ಈ ಯಾನದಲ್ಲೇ ಕೆಲಸ ಆರಂಭವಾಗುವುದೆ? ಯಾವ ಭಾಗಗಳನ್ನು ಮುಚ್ಚಿರುತ್ತಾರೆ? ಹೋಗುವುದು ಹಡಗಿಗಾಗಿಯೋ, ಅದು ತೋರಿಸುವ ಊರುಗಳಿಗಾಗಿಯೋ? ಹಡಗಿನ ಸೊಬಗೇ ಮುಖ್ಯವೆನ್ನುವವರು ಕಾಯಲಿ. ಆದರೆ ನವೀಕರಣವಾದ ಮೊದಲ ಯಾನವನ್ನು ಬಿಟ್ಟು ಎರಡನೆಯದನ್ನೋ ಮೂರನೆಯದನ್ನೋ ಹಿಡಿಯಲಿ.

ಇಷ್ಟೆಲ್ಲವನ್ನೂ ನಾನು ಮನೆಯಲ್ಲಿ ವಿವರಿಸುತ್ತಿದ್ದಾಗ ನನ್ನ ಪತ್ನಿ ಸುಮ್ಮನೆ ಕೇಳುತ್ತಿದ್ದಳು. ಗ್ಲಾಕೋಮಾದಿಂದ ಅವಳ ದೃಷ್ಟಿ ಆಗಲೇ ಕುಗ್ಗುತ್ತಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದರು. ‘ಅಲ್ಲರೀ, ಮುಂದಿನ ವರ್ಷಕ್ಕೆ ಹಡಗು ಹೊಸದಾಗುತ್ತೆ. ನನ್ನ ಕಣ್ಣು ಹೊಸದಾಗುತ್ತಾ?’ ಎಂದಳು. ಅಲ್ಲಿಗೆ ನನ್ನ ವಾದ ಮುಗಿಯಿತು.

ನಾವು ಹೋದೆವು. ಮೆಟ್ಟಿಲ ಅಂಚಿನ ರತ್ನಗಂಬಳಿ ಸವೆದಿತ್ತು. ನಮ್ಮ ಕೋಣೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಪಡಸಾಲೆಗೆ ಹಗ್ಗ ಕಟ್ಟಿದ್ದರು. ಗೈರಾಂಗರ್ ಎಂಬ ಕಡಲಚಾಚಿನೊಳಕ್ಕೆ ಹಡಗು ಮೆಲ್ಲನೆ ಸಾಗಿದ ಮುಂಜಾನೆ ಅವಳು ಕಟಕಟೆ ಹಿಡಿದು ನಿಂತು, ಕಡಿದಾದ ಬೆಟ್ಟದಿಂದ ಬಿಳಿಯ ನೂಲಿನಂತೆ ಇಳಿಯುತ್ತಿದ್ದ ನೀರಿನ ಎಳೆಗಳನ್ನು ಒಂದೊಂದಾಗಿ ಎಣಿಸಿದಳು. ನನಗೆ ಕಾಣದ ಒಂದೆಳೆಯನ್ನು ಅವಳೇ ಬೆರಳು ಮಾಡಿ ತೋರಿಸಿದಳು.

ಆ ಹಡಗು ಈಗ ಬಹಳ ಚೆನ್ನಾಗಿದೆಯೆಂದು ಅಳಿಯಂದಿರು ಹೇಳುತ್ತಾರೆ. ಇರಬಹುದು. ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುವುದು ಆ ಹಳೆಯ ಹಡಗೇ.